ಒಂದು ಕೈಯಲ್ಲಿ ಎಷ್ಟು ಎಲುಬು?



ದೊಡ್ಡವರ ದೇಹದಲ್ಲಿ ಒಟ್ಟು 206 ಎಲುಬುಗಳಿವೆ ಅಂತ ನಮಗೆಲ್ಲ ಬಾಯಿಪಾಠ ಇದೆ. ಆದರೆ ಒಂದು ಕೈಯಲ್ಲಿ ಎಷ್ಟು ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ. ಬನ್ನಿ, ಹೆಗಲಿನಿಂದ ಬೆರಳ ತುದಿವರೆಗೆ ಎಣಿಸೋಣ. ನಿಮ್ಮ ಕೈಯನ್ನೇ ಮುಟ್ಟಿ ನೋಡುತ್ತಾ ಓದಿ.

1. ಹೆಗಲು – 2 ಎಲುಬು. ಕತ್ತಿನ ಕೆಳಗೆ ಅಡ್ಡಕ್ಕೆ ಕೋಲಿನಂತೆ ಸಿಗುವುದು ಕೊರಳೆಲುಬು. ಬೆನ್ನಿನ ಕಡೆ ತ್ರಿಕೋನದ ಹಾಗೆ ಚಪ್ಪಟೆ ಇರುವುದು ಹೆಗಲೆಲುಬು.

2. ತೋಳು – 1 ಎಲುಬು. ಇದರ ಮೇಲಿನ ತುದಿ ಚೆಂಡಿನಂತೆ ಗುಂಡಗಿದ್ದು ಹೆಗಲೆಲುಬಿನ ಗುಳಿಯಲ್ಲಿ ಕೂತಿದೆ. ಅದಕ್ಕೇ ಕೈಯನ್ನು ಸುತ್ತಲೂ ತಿರುಗಿಸಬಹುದು. ಮೊಣಕೈ ಬಾಗಿಲಿನ ಬಿಜಾಗರಿ ಇದ್ದ ಹಾಗೆ. ಮಡಚಬಹುದು, ಚಾಚಬಹುದು, ಅಷ್ಟೇ.

3. ಮುಂಗೈ – 2 ಎಲುಬು. ಹೆಬ್ಬೆರಳಿನ ಕಡೆ ರೇಡಿಯಸ್, ಕಿರುಬೆರಳಿನ ಕಡೆ ಅಲ್ನಾ. ಅಂಗೈಯನ್ನು ಮೇಲೆ ಮಾಡಿ, ಆಮೇಲೆ ಕೆಳಗೆ ತಿರುಗಿಸಿ. ಆಗ ರೇಡಿಯಸ್ಸು ಅಲ್ನಾದ ಮೇಲೆ ಕತ್ತರಿಯಂತೆ ಅಡ್ಡ ಬರುತ್ತದೆ. ಇದರಿಂದಲೇ ಬೀಗ ತಿರುಗಿಸಲು, ಚೊಂಬು ಬಗ್ಗಿಸಲು ಆಗುವುದು.

4. ಮಣಿಕಟ್ಟು – 8 ಎಲುಬು. ಸಣ್ಣ ಸಣ್ಣ ಹರಳುಗಳ ಹಾಗೆ ಎರಡು ಸಾಲಾಗಿವೆ.

5. ಅಂಗೈ – 5 ಎಲುಬು.

6. ಬೆರಳುಗಳು – 14 ಎಲುಬು. ಹೆಬ್ಬೆರಳಿಗೆ 2, ಉಳಿದ ನಾಲ್ಕಕ್ಕೆ ಮೂರು ಮೂರು.

ಕೂಡಿಸಿ: 2+1+2+8+5+14 = 32. ಎರಡೂ ಕೈ ಸೇರಿ 64!

ನಿಮಗೆ ಗೊತ್ತೇ? 1895ರಲ್ಲಿ ಜರ್ಮನಿಯ ರಾಂಟ್ಜೆನ್ ಎಂಬ ವಿಜ್ಞಾನಿ ಎಕ್ಸ್-ರೇ ಕಂಡುಹಿಡಿದರು. ಅವರು ತಮ್ಮ ಹೆಂಡತಿಯ ಕೈಯ ಚಿತ್ರ ತೆಗೆದಾಗ ಬೆರಳಿನ ಎಲುಬು, ಉಂಗುರ ಎಲ್ಲಾ ಕಂಡವು. 1901ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಬಿದ್ದರೆ ಏನು ಮಾಡಬೇಕು?

ನಾವು ಬೀಳುವಾಗ ಅಂಗೈ ಊರಿಬಿಡುತ್ತೇವೆ. ಆ ಪೆಟ್ಟು ಮೇಲಕ್ಕೆ ಹೋಗಿ ರೇಡಿಯಸ್, ತೋಳಿನ ಎಲುಬು ಅಥವಾ ಕೊರಳೆಲುಬು ಮುರಿಯಬಹುದು. ಹೋದ ವರ್ಷ ನಮ್ಮ ಕೇರಿಯ ಹುಡುಗನೊಬ್ಬ ಹುಣಸೆ ಮರದಿಂದ ಬಿದ್ದ. ಮನೆಯವರು ಎಣ್ಣೆ ಹಚ್ಚಿ ನೀವಿ, ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸಿದರು. ಮರುದಿನ ಬೆರಳು ಊದಿ ನೀಲಿಯಾದವು. ಆಮೇಲೆ ಆಸ್ಪತ್ರೆಗೆ ಹೋದರು. ಕೈ ಉಳಿಯಿತು, ಆದರೆ ಈಗಲೂ ಅವನಿಗೆ ಪೂರ್ತಿ ಚಾಚೋಕೆ ಆಗಲ್ಲ. ಬಿಗಿ ಕಟ್ಟಿನಿಂದ ರಕ್ತ ಓಡಾಡುವುದು ನಿಂತರೆ ಹೀಗಾಗುತ್ತದೆ.

ಆದ್ದರಿಂದ ನೆನಪಿಡಿ:

* ನೀವಬಾರದು, ಎಳೆಯಬಾರದು.
* ಬಳೆ, ಉಂಗುರ ಇದ್ದರೆ ಊದುವ ಮೊದಲೇ ತೆಗೆಯಿರಿ.
* ಕೈ ಇದ್ದ ಹಾಗೇ ಉದ್ದ ಸ್ಕೇಲು ಅಥವಾ ರಟ್ಟು ಆನಿಸಿ ಸಡಿಲವಾಗಿ ಕಟ್ಟಿ. ಟವೆಲ್ಲಿನಿಂದ ಜೋಳಿಗೆ ಮಾಡಿ ಕುತ್ತಿಗೆಗೆ ತೂಗುಹಾಕಿ.
* ಬೆರಳು ತಣ್ಣಗಾದರೆ, ಜೋಮು ಹಿಡಿದರೆ ಕಟ್ಟನ್ನು ಇನ್ನೂ ಸಡಿಲಿಸಿ.
* ಕೂಡಲೇ ಎಕ್ಸ್-ರೇ ಇರುವ ಆಸ್ಪತ್ರೆಗೆ ಹೋಗಿ.

ನಮ್ಮಂಥ ಮಕ್ಕಳ ಎಲುಬಿನ ತುದಿಯಲ್ಲಿ ಬೆಳೆಯುವ ಮೆತ್ತನೆ ಭಾಗ ಇರುತ್ತದೆ. ಅದಕ್ಕೆ ಪೆಟ್ಟಾದರೆ ಎಲುಬು ಸೊಟ್ಟ ಬೆಳೆಯಬಹುದು. ಇದನ್ನು ಮನೆಯಲ್ಲೂ ಓದಿ ಹೇಳಿ.

ಹೇಳಿ ನೋಡೋಣ: ಎರಡೂ ಕೈಯ ಬೆರಳುಗಳಲ್ಲಿ ಮಾತ್ರ ಎಷ್ಟು ಎಲುಬು? (ಉತ್ತರ: 28)

– 7ನೇ ತರಗತಿ