ಇಂಗ್ಲಿಷಿನ ಹ್ರಸ್ವ, ದೀರ್ಘ ಸ್ವರಗಳು ಮತ್ತು ಅವುಗಳ ಚಿಹ್ನೆಗಳು



ಸಂದರ್ಶನದಲ್ಲಿ 'ಎಲ್ಲಿ ವಾಸ?' ಎಂದು ಕೇಳುತ್ತಾರೆ. 'ಐ ಲಿವ್ ಇನ್ ಹೆಬ್ಬಾಳ' ಎಂದರೆ ಹೆಬ್ಬಾಳದಲ್ಲಿ ವಾಸವಾಗಿದ್ದೇನೆ ಎಂದರ್ಥ. 'ಲಿವ್' ಅನ್ನು ಎಳೆದು 'ಲೀವ್' ಎಂದರೆ 'ಬಿಟ್ಟು ಹೋಗು' ಎಂಬ ಬೇರೆಯೇ ಪದವಾಗುತ್ತದೆ. ಹಾಗಾದರೆ ಸ್ಪೆಲಿಂಗ್ ನೋಡಿ ಹ್ರಸ್ವವೋ ದೀರ್ಘವೋ ತಿಳಿಯಬಹುದೇ? ತರಗತಿಯಲ್ಲಿ ನೀವು ಇದನ್ನು ಕೇಳಿದಾಗಲೆಲ್ಲ ನಾನು ಕೊಡುವ ಉತ್ತರ ಒಂದೇ: ಸ್ಪೆಲಿಂಗ್ ನಂಬಬೇಡಿ, ಚಿಹ್ನೆ ನೋಡಿ.

ಕಾರಣ ನಮ್ಮ ಊರಿನ ಹೆಸರಿನಲ್ಲೇ ಇದೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ 'ಬೆಂಗಳೂರು' ಎಂದೇ ಬರೆಯುತ್ತೇವೆ. ಆ ಸ್ಪೆಲಿಂಗ್‌ನಲ್ಲಿ 'ಯು' ಅಕ್ಷರ ಎರಡು ಸಲ ಬರುತ್ತದೆ. ಮೊದಲನೆಯದು 'ಳೂ', ದೀರ್ಘ. ಎರಡನೆಯದು 'ರು', ಹ್ರಸ್ವ. ಅಕ್ಷರ ಒಂದೇ, ಧ್ವನಿ ಎರಡು. ಹೆಬ್ಬಾಳದ 'ಬಾ' ಕೂಡ ಇಂಗ್ಲಿಷ್ ಬೋರ್ಡಿನಲ್ಲಿ ಒಂದೇ 'ಎ' ಆಗಿ ನಿಂತಿದೆ. ಅದಕ್ಕೇ ಹೊರಗಿನವರು 'ಹೆಬ್ಬಲ್' ಎನ್ನುವುದು.

ಈ ವ್ಯತ್ಯಾಸ ನಮ್ಮ ಕಿವಿಗೆ ಹೊಸದಲ್ಲ. ಕನ್ನಡದಲ್ಲಿ 'ಬಿಡು' ಬೇರೆ, 'ಬೀಡು' ಬೇರೆ. ಕುರ್‌ಆನ್ ಓದುವಾಗ ಜಬರ್, ಜೇರ್, ಪೇಶ್ ಹ್ರಸ್ವ. ಅವುಗಳ ಜೊತೆಗೆ ಅಲಿಫ್, ಯಾ, ವಾವ್ ಮದ್ದ್ ಅಕ್ಷರಗಳಾಗಿ ಬಂದರೆ ಎಳೆಯಬೇಕು. ಎಳೆಯದಿದ್ದರೆ ಉಸ್ತಾದರು ತಕ್ಷಣ ತಿದ್ದುತ್ತಾರೆ. ಅದೇ ಎಚ್ಚರವನ್ನು ಇಂಗ್ಲಿಷಿಗೂ ತನ್ನಿ.

ಇಂಗ್ಲಿಷಿನಲ್ಲಿ ಸ್ವರಾಕ್ಷರ 5. ಬ್ರಿಟಿಷ್ ಶಿಷ್ಟ ಉಚ್ಚಾರಣೆಯಲ್ಲಿ ಶುದ್ಧ ಸ್ವರಧ್ವನಿಗಳು 12: ಹ್ರಸ್ವ 7, ದೀರ್ಘ 5. ಈ ಕೊರತೆ ನೀಗಲು ನಿಘಂಟುಗಳು ಅಂತಾರಾಷ್ಟ್ರೀಯ ಧ್ವನಿಲಿಪಿಯನ್ನು ಬಳಸುತ್ತವೆ. 1886ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾದ ಭಾಷಾ ಶಿಕ್ಷಕರ ಸಂಘ ರೂಪಿಸಿದ ಲಿಪಿ ಇದು. ಸ್ವರದ ಮುಂದೆ ಒಂದರ ಮೇಲೊಂದು ಎರಡು ಪುಟ್ಟ ತ್ರಿಕೋನವಿದ್ದರೆ ಅದು ದೀರ್ಘ. ನಮ್ಮ ದೀರ್ಘದ ಕೊಂಬು ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ.

ಐದು ಜೋಡಿಗಳು ಹೀಗಿವೆ:

1. ಸಿಟ್ (ಕೂರು) – ಸೀಟ್ (ಆಸನ). ಹ್ರಸ್ವಕ್ಕೆ ಚುಕ್ಕೆಯಿಲ್ಲದ ಪುಟ್ಟ 'ಐ'. ದೀರ್ಘಕ್ಕೆ ಚುಕ್ಕೆಯಿರುವ 'ಐ' ಮತ್ತು ತ್ರಿಕೋನಗಳು.
2. ಫುಲ್ (ತುಂಬಿದ) – ಫೂಲ್ (ಮೂರ್ಖ). ಹ್ರಸ್ವಕ್ಕೆ ಬಾಯಿ ಮೇಲಾದ ಕುದುರೆ ಲಾಳ. ದೀರ್ಘಕ್ಕೆ 'ಯು' ಮತ್ತು ತ್ರಿಕೋನಗಳು.
3. ಕಟ್ (ಕತ್ತರಿಸು) – ಕಾರ್ಟ್ (ಗಾಡಿ). ಹ್ರಸ್ವಕ್ಕೆ ತಲೆಕೆಳಗಾದ 'ವಿ'. ದೀರ್ಘಕ್ಕೆ ಕೈಬರಹದ 'ಎ' ಮತ್ತು ತ್ರಿಕೋನಗಳು.
4. ಪಾಟ್ (ಮಡಕೆ) – ಪೋರ್ಟ್ (ಬಂದರು). ಹ್ರಸ್ವಕ್ಕೆ ತಿರುಗಿಸಿಟ್ಟ ಕೈಬರಹದ 'ಎ'. ದೀರ್ಘಕ್ಕೆ ಹಿಮ್ಮುಖವಾದ 'ಸಿ' ಮತ್ತು ತ್ರಿಕೋನಗಳು.
5. 'ಅಬೌಟ್' ಪದದ ಮೊದಲ ಸ್ವರ – 'ಬರ್ಡ್' ಪದದ ಸ್ವರ. ಹ್ರಸ್ವಕ್ಕೆ ತಲೆಕೆಳಗಾದ 'ಇ'. ದೀರ್ಘಕ್ಕೆ ಇಂಗ್ಲಿಷಿನ 3ರಂಥ ಗುರುತು ಮತ್ತು ತ್ರಿಕೋನಗಳು.

ಉಳಿದ ಎರಡು ಹ್ರಸ್ವಗಳು 'ಪೆನ್' ಮತ್ತು 'ಬ್ಯಾಟ್' ಪದಗಳಲ್ಲಿವೆ. ಕಾರ್ಟ್, ಪೋರ್ಟ್, ಬರ್ಡ್‌ಗಳಲ್ಲಿ ಬ್ರಿಟಿಷರು 'ರ್' ನುಡಿಯುವುದಿಲ್ಲ.

ಬರೀ ಎಳೆದರೆ ಸಾಕೇ? ಸಾಲದು. ಡೇನಿಯಲ್ ಜೋನ್ಸ್ ಅವರ 1917ರ ಉಚ್ಚಾರಣಾ ನಿಘಂಟಿನಲ್ಲಿ 'ಸಿಟ್', 'ಸೀಟ್' ಎರಡಕ್ಕೂ ಒಂದೇ ಅಕ್ಷರವಿತ್ತು. ದೀರ್ಘ ಗುರುತೊಂದೇ ವ್ಯತ್ಯಾಸ. 1977ರ ಆವೃತ್ತಿಯಲ್ಲಿ ಗಿಮ್ಸನ್ ಅವರು ಎರಡಕ್ಕೂ ಬೇರೆ ಬೇರೆ ಆಕಾರ ಕೊಟ್ಟರು. ಏಕೆಂದರೆ ನಾಲಿಗೆಯ ಸ್ಥಾನವೂ ಬೇರೆ: 'ಸೀಟ್' ಎನ್ನುವಾಗ ನಾಲಿಗೆ ಇನ್ನಷ್ಟು ಮೇಲೇರುತ್ತದೆ, ತುಟಿ ಅಗಲವಾಗುತ್ತದೆ, 'ಸಿಟ್' ಎನ್ನುವಾಗ ಸಡಿಲವಾಗುತ್ತದೆ. ಕನ್ನಡಿಯ ಮುಂದೆ ಹೇಳಿ ನೋಡಿ.

ಕನ್ನಡ ಬರಹವೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಹೋಟೆಲ್ ಬೋರ್ಡುಗಳಲ್ಲಿ 'ಫುಡ್' ಎಂದಿರುತ್ತದೆ. ಇಂಗ್ಲಿಷಿನಲ್ಲಿ ಅದು ದೀರ್ಘ. ಆರ್.ಟಿ. ನಗರದ 'ಟಿ'ಯೂ ಅಷ್ಟೇ. 'ಪಾಟ್' ದೀರ್ಘವಾಗಿ ಕಂಡರೂ ಇಂಗ್ಲಿಷಿನಲ್ಲಿ ಹ್ರಸ್ವ.

ಮನೆಗೆಲಸ: ಗ್ರಂಥಾಲಯದಲ್ಲಿ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ ತೆಗೆದು ಬುಕ್, ಸ್ಕೂಲ್, ಬ್ರೆಡ್, ಟೀಚರ್, ಶುಗರ್ ಪದಗಳನ್ನು ಹುಡುಕಿ. ಓರೆಗೆರೆಗಳ ನಡುವಿನ ಚಿಹ್ನೆಗಳನ್ನು ನೋಟ್‌ಬುಕ್ಕಿಗೆ ಇಳಿಸಿ, ಗಟ್ಟಿಯಾಗಿ ಓದಿ. ದಿನಕ್ಕೆ ಐದು ಪದ ಸಾಕು. ಪರೀಕ್ಷೆಯ ಹೊತ್ತಿಗೆ ನಿಘಂಟೇ ನಿಮ್ಮ ಮೇಷ್ಟ್ರಾಗಿರುತ್ತದೆ.