ಒಂದೇ ಪಾತಿ, ಬೇರೆ ಬೇರೆ ಮಣ್ಣು

ಪ್ರಶ್ನೆ: ಡೊಂಬಿವಲಿ ಪೂರ್ವದ ನಮ್ಮ ಸೊಸೈಟಿಯಲ್ಲಿ ಕಾಂಪೌಂಡ್ ಗೋಡೆಗುಂಟ ಒಂದು ಉದ್ದನೆಯ ಪಾತಿ ಇದೆ. ಮೂರು ವರ್ಷದ ಹಿಂದೆ ಮೊದಲ ಮಳೆಗೆ ಅಲ್ಲೊಂದು ಸಂಪಿಗೆ ಸಸಿ ನೆಟ್ಟೆ. ಪಕ್ಕದಲ್ಲೇ ಊರಿನಿಂದ ತಂದ ಗೌರಿ ಹೂವಿನ ಬೀಜ ಚೆಲ್ಲಿದೆ. ಗೌರಿ ಹೂ ವರ್ಷವೂ ಮೈತುಂಬ ಅರಳುತ್ತದೆ. ಸಂಪಿಗೆ ಮಾತ್ರ ಸೊಂಟದೆತ್ತರಕ್ಕೆ ಬಂದು ನಿಂತುಬಿಟ್ಟಿದೆ; ಎಳೆಯ ಎಲೆಗಳು ಹಳದಿ, ನರಗಳಷ್ಟೇ ಹಸಿರು. ಅದೇ ಮಣ್ಣು, ಅದೇ ನೀರು, ಅದೇ ಗೊಬ್ಬರ. ಹೀಗೇಕೆ?

ಉತ್ತರ: ‘ನರಗಳಷ್ಟೇ ಹಸಿರು’ ಎಂದು ಬರೆದಿದ್ದೀರಲ್ಲ, ಆ ಒಂದು ಮಾತು ಇಲ್ಲದಿದ್ದರೆ ನಾನು ನೀರು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಊಹಿಸುತ್ತ ಕೂರಬೇಕಿತ್ತು. ಸಾರಜನಕ ಸಾಲದಿದ್ದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆ. ಎಳೆಯ ಎಲೆ ಹಳದಿಯಾಗಿ ನರ ಹಸಿರಾಗಿಯೇ ಉಳಿದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಎಂದೇ ಮೊದಲು ಯೋಚಿಸಬೇಕು. ಕರಿಕಲ್ಲಿನಿಂದ ಹುಟ್ಟಿದ ನಮ್ಮ ಈ ಭಾಗದ ಮಣ್ಣಿಗೆ ಕಬ್ಬಿಣದ ಬರವೇನೂ ಇಲ್ಲ. ಆದರೆ ಸುಣ್ಣ ಹೆಚ್ಚಾದ ಕಡೆ ಅದು ಕರಗುವುದಿಲ್ಲ, ಕರಗದಿದ್ದರೆ ಬೇರಿಗೆ ದಕ್ಕುವುದಿಲ್ಲ.

ಸುಣ್ಣ ಎಲ್ಲಿಂದ ಬಂತು ಎಂದು ತಿಳಿಯಲು ಒಂದು ಕೆಲಸ ಮಾಡಿ. ಮಾಲಿಯ ಹತ್ತಿರ ಹಾರೆ ಇದ್ದೇ ಇರುತ್ತದೆ. ಸಂಪಿಗೆಯಿಂದ ಎರಡಡಿ ಆಚೆ ಅದನ್ನು ನೆಲಕ್ಕೆ ಇಳಿಸಿ ನೋಡಿ. ಮೊದಲ ಒಂದು ಗೇಣು ಸಲೀಸಾಗಿ ಹೋಗಿ, ಆಮೇಲೆ ‘ಟಣ್’ ಎಂದು ನಿಲ್ಲಬಹುದು. ನಮ್ಮ ಕಡೆಯ ಎಷ್ಟೋ ಕಟ್ಟಡಗಳಲ್ಲಿ ಕೆಲಸ ಮುಗಿದ ಮೇಲೆ ಉಳಿದ ಇಟ್ಟಿಗೆ ಚೂರು, ಟೈಲ್ಸ್, ಗಾರೆ, ಸಿಮೆಂಟಿನ ಹೆಂಟೆ ಎಲ್ಲವೂ ಗೋಡೆಯ ಬುಡಕ್ಕೇ ಸೇರುತ್ತವೆ. ಅದರ ಮೇಲೆ ಒಂದು ಟೆಂಪೊ ಲಾಲ್ ಮಾತಿ ಹರಡಿದರೆ ಪಾತಿ ಸಿದ್ಧ. ಹಾರೆ ನಿಂತ ಆಳದಿಂದ ಒಂದು ಹಿಡಿ ಮಣ್ಣು ತೆಗೆದು, ಒಣಗಿಸಿ, ಅಡುಗೆಮನೆಯ ವಿನೆಗರ್ ನಾಲ್ಕು ಹನಿ ಬಿಡಿ. ಸಣ್ಣಗೆ ಚುರುಗುಟ್ಟಿ ನೊರೆ ಬಂದರೆ ಸುಣ್ಣ ಇದೆ ಎಂದೇ ತಿಳಿಯಿರಿ. ಬೋರ್‌ವೆಲ್ಲಿನ ಗಡಸು ನೀರು ಹಾಕುತ್ತಿದ್ದರೆ ಅದೂ ಸುಣ್ಣವನ್ನು ಇನ್ನಷ್ಟು ಕೂಡಿಸುತ್ತದೆ.

ಈಗ ನಿಮ್ಮ ಎರಡು ಗಿಡಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ನಾವು ಕರ್ಣಕುಂಡಲ ಎಂದೂ ಕರೆಯುವ, ನಿಮ್ಮ ಮರಾಠಿ ನೆರೆಯವರು ತೇರಡಾ ಎನ್ನುವ ಗೌರಿ ಹೂವಿನ ಇಡೀ ಬಾಳು ಮೇಲಿನ ಆ ಒಂದು ಗೇಣಿನಲ್ಲೇ ಮುಗಿಯುತ್ತದೆ. ಜೂನ್‌ನಲ್ಲಿ ಮೊಳಕೆ, ಎರಡು ತಿಂಗಳಿಗೆ ಹೂ, ಮಳೆ ಹಿಂದೆಗೆಯುವ ಹೊತ್ತಿಗೆ ಕಾಯಿ, ಆಮೇಲೆ ಬುಡ ಒಣಗಿ ಮುಗಿಯಿತು. ಕೆಳಗೆ ಟೈಲ್ಸ್ ಇದೆಯೋ ಬಂಡೆ ಇದೆಯೋ ಅದಕ್ಕೆ ಗೊತ್ತೇ ಆಗುವುದಿಲ್ಲ. ಸಂಪಿಗೆಯದು ಹಾಗಲ್ಲ. ಘಟ್ಟದ ಮಳೆಕಾಡಿನಲ್ಲಿ ನೂರಡಿ ಎತ್ತರಕ್ಕೆ ಏರಬಲ್ಲ ಮರ ಅದು. ಕೊಳೆತ ಎಲೆಯ, ತುಸು ಹುಳಿಗುಣದ, ಆಳವಾದ ಮಣ್ಣಿನ ರುಚಿ ಕಂಡದ್ದು. ಮೊದಲ ವರ್ಷ ಅದೂ ಕೆಂಪು ಮಣ್ಣಿನಲ್ಲಿ ಸುಖವಾಗಿಯೇ ಇದ್ದಿರಬೇಕು. ಎರಡನೇ ವರ್ಷ ಬೇರು ಕೆಳಗಿಳಿದು ಗಾರೆಯನ್ನು ಮುಟ್ಟಿದ ಮೇಲೆ ಹಳದಿ ಶುರುವಾಗಿದೆ. ಪಾತಿ ಒಂದೇ ಇರಬಹುದು, ನಿಮ್ಮ ಎರಡು ಗಿಡಗಳು ಉಣ್ಣುತ್ತಿರುವುದು ಮಾತ್ರ ಎರಡು ಬೇರೆ ಮಣ್ಣು.

ನೀರಿನ ವಿಷಯದಲ್ಲೂ ಇದೇ ಲೆಕ್ಕ. ಥಾಣೆ, ಕಲ್ಯಾಣ್ ಕಡೆ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ, ಹೆಚ್ಚುಕಡಿಮೆ ಎಲ್ಲವೂ ನಾಲ್ಕೇ ತಿಂಗಳಲ್ಲಿ. ಹವಾಮಾನ ಇಲಾಖೆ 2020ರಲ್ಲಿ ಪರಿಷ್ಕರಿಸಿದ ಪ್ರಕಾರ ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11, ಹೊರಡುವ ದಿನ ಅಕ್ಟೋಬರ್ 8. ಗೌರಿ ಹೂವಿನ ಆಯಸ್ಸು ಸರಿಯಾಗಿ ಈ ಎರಡು ತಾರೀಖುಗಳ ನಡುವೆ ಕೂರುತ್ತದೆ. ಮಳೆ ನಾಲ್ಕು ದಿನ ಕೈಕೊಟ್ಟರೆ ಅದರ ನೀರು ತುಂಬಿದ ದಂಟು ಬಾಗಿ ತಲೆ ಜೋತು ಬೀಳುತ್ತದೆ, ಒಂದು ಚೊಂಬು ನೀರು ಹಾಕಿದರೆ ಸಂಜೆಯೊಳಗೆ ಎದ್ದು ನಿಲ್ಲುತ್ತದೆ. ಮರಕ್ಕೆ ಮಾತ್ರ ಉಳಿದ ಎಂಟು ತಿಂಗಳದ್ದೇ ಚಿಂತೆ. ಏಪ್ರಿಲ್, ಮೇ ತಿಂಗಳಲ್ಲಿ ಪೈಪ್ ಹಿಡಿದು ದಿನವೂ ಮೇಲೆ ಮೇಲೆ ಚಿಮುಕಿಸಿದರೆ ಬೇರು ನೀರಿನ ಆಸೆಗೆ ಮೇಲಕ್ಕೇ ಬರುತ್ತದೆ, ಬಿಸಿಲಿಗೆ ಬೇಯುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಎರಡು ಬಕೆಟ್ ನೀರನ್ನು ನಿಧಾನವಾಗಿ, ಆಳಕ್ಕೆ ಇಂಗುವಂತೆ ಹಾಕಿ. ಬುಡದಿಂದ ನಾಲ್ಕು ಬೆರಳು ಬಿಟ್ಟು ಸುತ್ತ ಒಣ ಎಲೆ ಹೊದಿಸಿ. ಗುಡಿಸಿ ಕಸದ ಗಾಡಿಗೆ ಕೊಡುವ ಎಲೆಯಲ್ಲೇ ಸಂಪಿಗೆಗೆ ಬೇಕಾದ ಅರ್ಧ ಆಹಾರವಿದೆ. ಅದು ದಿನವೂ ಗೇಟಿನಾಚೆ ಹೋಗುವುದನ್ನು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಗೊಬ್ಬರವನ್ನೂ ಸಮಪಾಲು ಮಾಡಬೇಡಿ. ಗೌರಿ ಹೂವಿಗೆ ಬಿತ್ತುವಾಗ ಒಂದು ಹಿಡಿ ಎರೆಗೊಬ್ಬರ ಸಾಕು. ಹೆಚ್ಚಿದರೆ ಎಲೆ ಸೊಕ್ಕುತ್ತದೆ, ಹೂ ಸೊರಗುತ್ತದೆ. ಸಂಪಿಗೆಗೆ ಮಳೆಗೆ ಮುಂಚೆ ಒಂದು ಬುಟ್ಟಿ, ಮಳೆ ನಿಂತ ಮೇಲೆ ಒಂದು ಬುಟ್ಟಿ ಕೊಳೆತ ಸೆಗಣಿ ಗೊಬ್ಬರ ಬೇಕು.

ಈಗಿನ ಚಿಕಿತ್ಸೆ ಹೇಳುತ್ತೇನೆ. ತಕ್ಷಣದ ಉಪಶಮನಕ್ಕೆ ಅನ್ನಭೇದಿ ಒಳ್ಳೆಯದು. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು ಕರಗಿಸಿ ಇಳಿಹೊತ್ತಿನಲ್ಲಿ ಎಲೆಯ ಎರಡೂ ಬದಿಗೆ ಸಿಂಪಡಿಸಿ. ಹದಿನೈದು ದಿನಕ್ಕೊಮ್ಮೆಯಂತೆ ಮೂರು ಸಲ. ಇದು ಹಸಿರು ತರುತ್ತದೆ, ಕೆಳಗಿನ ಗಾರೆಯನ್ನು ತೆಗೆಯುವುದಿಲ್ಲ. ಗಿಡವನ್ನೇ ಕಿತ್ತು ಬೇರೆಡೆ ನೆಡುವ ಯೋಚನೆ ಬೇಡ. ಸಂಪಿಗೆಯ ಬೇರು ದಪ್ಪ, ಮೃದು. ತುಂಡಾದರೆ ಸುಲಭಕ್ಕೆ ಚೇತರಿಸಿಕೊಳ್ಳುವುದಿಲ್ಲ. ಮೇ ಕೊನೆಯಲ್ಲಿ, ಗಿಡದಿಂದ ಒಂದೂವರೆ ಅಡಿ ದೂರದಲ್ಲಿ ಒಂದು ಬದಿಗೆ ಮಾತ್ರ ಎರಡಡಿ ಆಳದ ಕಾಲುವೆ ತೋಡಿಸಿ. ಡೆಬ್ರಿಸ್ ಎಲ್ಲ ತೆಗೆಸಿ ಕೆಂಪು ಮಣ್ಣು, ಗೊಬ್ಬರ ತುಂಬಿ. ಇನ್ನೊಂದು ಬದಿಯನ್ನು ಮರುವರ್ಷ ಮಾಡಿ. ಹೀಗೆ ಅಗೆಸುವಾಗ ಬುಡವನ್ನೂ ಸ್ವಲ್ಪ ಕೆದಕಿ ನೋಡಿ. ಕಲ್ಯಾಣದ ಒಂದು ಸೊಸೈಟಿಯಲ್ಲಿ ಸತ್ತ ಸಂಪಿಗೆಯನ್ನು ಕಿತ್ತಾಗ ನಾನು ಕಂಡದ್ದು ನರ್ಸರಿಯ ಕರಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಬೇರುಗಳು ಸಿಂಬೆಯ ಹಾಗೆ ಸುತ್ತಿಕೊಂಡಿದ್ದವು. ಚೀಲ ಬಿಚ್ಚದೆ ನೆಟ್ಟಿದ್ದರು.

ಹೂವಿನ ವಿಚಾರ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕಾಂಡದ ಬುಡದ ಹತ್ತಿರ ಕಸಿಯ ಗಂಟು ಇದೆಯೇ ನೋಡಿ. ಕಸಿ ಗಿಡವಾದರೆ ಚೇತರಿಸಿದ ಒಂದೆರಡು ವರ್ಷಕ್ಕೇ ಹೂ ಬಿಡಬಹುದು. ಬೀಜದ ಗಿಡವಾದರೆ ಏಳೆಂಟು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕು. ಬೀಜದ್ದಾದರೆ ಕಟ್ಟಡದ ಗೋಡೆಯಿಂದ ಎಷ್ಟು ದೂರ ಇದೆ ಎಂದೂ ಅಳೆದುಕೊಳ್ಳಿ. ಹತ್ತು ಹನ್ನೆರಡು ಅಡಿಯಾದರೂ ಇರಬೇಕು. ಬೇಡವಾದ ಗೌರಿ ಗಿಡವನ್ನು ಎರಡು ಬೆರಳಲ್ಲಿ ಕಿತ್ತು ಹಾಕಬಹುದು. ಮರ ಕಡಿಯಬೇಕೆಂದರೆ ಮಹಾರಾಷ್ಟ್ರದ 1975ರ ಮರ ಸಂರಕ್ಷಣಾ ಕಾಯ್ದೆಯಂತೆ ಮಹಾನಗರಪಾಲಿಕೆಯ ವೃಕ್ಷ ಪ್ರಾಧಿಕರಣದ ಅನುಮತಿ ಬೇಕು. ಸೊಸೈಟಿಯವರು ಪೇವರ್ ಬ್ಲಾಕ್ ಹಾಕಿಸಲು ಬಂದಾಗ ಬುಡದ ಸುತ್ತ ಒಂದು ಮೀಟರ್ ಮಣ್ಣು ಬಿಡಿಸಿಕೊಳ್ಳುವುದನ್ನು ಮರೆಯಬೇಡಿ.

ವಾಶಿ, ನೆರೂಲ್ ಕಡೆಯ ಓದುಗರಿಗೆ ಒಂದು ಮಾತು. ಖಾರಿಯ ದಂಡೆಯ ತಗ್ಗು ನೆಲ ತುಂಬಿಸಿ ಕಟ್ಟಿದ ಕಡೆ ಉಪ್ಪಿನ ಕಾಟವಿರುತ್ತದೆ. ಎಲೆಯ ಅಂಚು ಸುಟ್ಟಂತೆ ಕಂದಾಗುವುದೇ ಗುರುತು. ಅಲ್ಲಿ ಸಂಪಿಗೆಯ ಹಟ ಬಿಟ್ಟು ಬಕುಳವನ್ನೋ ಹೊಂಗೆಯನ್ನೋ ನೆಡಿ. ಉಲ್ಹಾಸ್ ನದಿಯ ಹತ್ತಿರದವರು ನೆಡುವ ಮೊದಲು ಗುಂಡಿಗೆ ನೀರು ತುಂಬಿ ನೋಡಿ. ಮರುದಿನವೂ ಇಂಗದಿದ್ದರೆ ಅದು ಸಂಪಿಗೆಯ ಜಾಗವಲ್ಲ.

ನಿಮ್ಮ ಗೌರಿ ಹೂವಿಗೆ ಬರುತ್ತೇನೆ. ‘ತೇರಡ್ಯಾಚಾ ರಂಗ್ ತೀನ್ ದಿವಸ್’ ಎಂದು ಮರಾಠಿಯಲ್ಲಿ ಗಾದೆ; ತೇರಡಾದ ಬಣ್ಣ ಮೂರೇ ದಿನ ಎಂದು. ಕೊಂಕಣದ ಅದೇ ಜನ ಈ ಗಿಡವನ್ನು ಬೇರುಸಹಿತ ತಂದು ಗೌರಿಯೆಂದು ಪೂಜಿಸುತ್ತಾರೆ. ನಮ್ಮ ಗೌರಿ ಚೌತಿಯ ಹಿಂದಿನ ದಿನ ಬಂದರೆ ಅವರ ಗೌರಿ ಚೌತಿಯಾದ ಎರಡು ಮೂರು ದಿನಕ್ಕೆ ಬರುತ್ತಾಳೆ. ಆದ್ದರಿಂದ ಮುಂದಿನ ಸಲ ಬೀಜವನ್ನು ಒಂದೇ ಸಲ ಚೆಲ್ಲದೆ ವಾರದ ಅಂತರದಲ್ಲಿ ಎರಡು ಕಂತಾಗಿ ಹಾಕಿ, ಸಂಪಿಗೆಗಾಗಿ ತೋಡಿದ ಕಾಲುವೆಯ ಮೇಲೆಯೇ. ನಿಮ್ಮ ಪೂಜೆಗೂ ಆಯಿತು, ಪಕ್ಕದ ಮನೆಯವರು ಬೇರಿರುವ ಗಿಡ ಕೇಳಿಕೊಂಡು ಬಂದರೆ ಕೊಡಲೂ ಆಯಿತು. ಕೆಲವು ಗಿಡವನ್ನು ಬೀಜಕ್ಕೆ ಬಿಡಿ. ಬಲಿತ ಕಾಯಿಯನ್ನು ಮುಷ್ಟಿಯೊಳಗೆ ಹಿಡಿದೇ ಬಿಡಿಸಿ, ಇಲ್ಲವಾದರೆ ಮುಟ್ಟಿದೊಡನೆ ಸಿಡಿದು ಸುರುಳಿಯಾಗಿ ಬೀಜವೆಲ್ಲ ಪಾತಿಯ ತುಂಬ ಹಾರಿಬಿಡುತ್ತದೆ.