ಸಸ್ಯಾಹಾರವೂ ದೀರ್ಘಾಯುಸ್ಸೂ

ಹಾಲು, ತುಪ್ಪಗಳನ್ನೂ ವರ್ಜಿಸಿ ಕೇವಲ ಸಸ್ಯಜನ್ಯ ಆಹಾರವನ್ನು ಸೇವಿಸಿದರೆ ಆಯುಸ್ಸು ವೃದ್ಧಿಸುವುದೇ? ಸಸ್ಯಾಹಾರಿಗಳಾಗಿದ್ದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು (1907–2019) 111 ವರ್ಷ ಬಾಳಿದರು. ಆದರೆ ಒಬ್ಬರ ನಿದರ್ಶನವು ಪ್ರಮಾಣವಾಗಲಾರದು. ಅಮೆರಿಕದಲ್ಲಿ 73,000ಕ್ಕೂ ಮಿಕ್ಕ ಜನರನ್ನು ಪರಿಶೀಲಿಸಿದ 2013ರ ಅಧ್ಯಯನದಲ್ಲಿ ಸಸ್ಯಾಹಾರಿಗಳ ಮರಣಪ್ರಮಾಣವು ಇತರರಿಗಿಂತ ಶೇಕಡ 12ರಷ್ಟು ಕಡಿಮೆ ಕಂಡಿತು. ಅವರಲ್ಲಿ ಹಾಲು ಕುಡಿಯುವವರೂ ಇದ್ದರು. 2016ರ ಬ್ರಿಟನ್ನಿನ ಅಧ್ಯಯನದಲ್ಲಿ ಅಂತಹ ವ್ಯತ್ಯಾಸ ಕಾಣಲಿಲ್ಲ. ಆದಕಾರಣ ‘ಹೌದು’ ಎಂದು ನಿಶ್ಚಯಿಸಿ ಹೇಳಲಾಗದು.

ನಮ್ಮ ತಾಳವಾಡಿಯ ರಾಗಿಯಲ್ಲಿ ಸುಣ್ಣದ ಅಂಶವೂ, ಅವರೆ-ಹುರುಳಿಗಳಲ್ಲಿ ಸಸಾರಜನಕವೂ ಹೇರಳವಾಗಿವೆ. ಆದರೆ ರಕ್ತಕ್ಕೂ ನರಗಳಿಗೂ ಅವಶ್ಯವಾದ ‘ಬಿ12’ ಜೀವಸತ್ವವು ಧಾನ್ಯ, ಸೊಪ್ಪುಗಳಲ್ಲಿ ದೊರೆಯದು, ಹಾಲಿನಲ್ಲುಂಟು. ಪೋಷಕರು ವೈದ್ಯರ ಸಲಹೆಯಿಲ್ಲದೆ ಬೆಳೆಯುವ ಮಕ್ಕಳ ಹಾಲನ್ನು ನಿಲ್ಲಿಸಬಾರದು. ವಿದ್ಯಾರ್ಥಿಗಳೇ, ಮುದ್ದೆ, ಸೊಪ್ಪುಸಾರುಗಳನ್ನು ಕೀಳೆಂದೆಣಿಸದೆ ಹಿತಮಿತವಾಗಿ ಉಣ್ಣಿರಿ.